ನನ್ನ ತಲೆನೋವು, ಅದನ್ನು ಹೇಳಿದವರು

ಮೂಗಿನ ಹಿಂದೆ, ತಲೆಯ ನಟ್ಟನಡುವೆ, ಎಲುಬಿನೊಳಗೆ ಒಂದು ಪುಟ್ಟ ಖೋಲಿ ಇರುತ್ತದಂತೆ. ನಿಮಗೂ ಇದೆ, ನನಗೂ ಇದೆ. ದೇವರು ಅದನ್ನು ಅಲ್ಲಿ ಯಾಕಿಟ್ಟನೋ ನನಗೆ ಗೊತ್ತಿಲ್ಲ, ನನಗೆ ಶಸ್ತ್ರಕ್ರಿಯೆ ಮಾಡಿದ ಡಾಕ್ಟರರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಆ ಖೋಲಿಯಲ್ಲಿ ಕೀವು ತುಂಬಿ, ಅದರ ಬಾಗಿಲು ಮುಚ್ಚಿಕೊಂಡು, ನಾನು ಎರಡು ವರ್ಷ ಒದ್ದಾಡಿದೆ. ಆ ಎರಡು ವರ್ಷ ನನ್ನ ತಲೆನೋವಿನ ಬಗ್ಗೆ ಮನೆಯವರು ಮಾತಾಡಿದರು, ಓಣಿಯವರು ಮಾತಾಡಿದರು, ಬೀಗರು ಮಾತಾಡಿದರು. ತಲೆ ಯಾರದೋ ಅವಳೊಬ್ಬಳು ಮಾತಾಡಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ನನ್ನ ಮೈ ಉರಿಯುತ್ತದೆ.

ಇದನ್ನು ಬರೆಯುವುದು ಯಾಕೆಂದರೆ, ಹೀಗೆ ತಲೆ ಹಿಡಿದುಕೊಂಡು ಒಲೆಯ ಮುಂದೆ ಕೂತ ಹೆಂಗಸರು ಇನ್ನೂ ಇದ್ದಾರೆ. ಅವರಲ್ಲಿ ಓದು ಬಂದವರು ಓದಲಿ. ಬಾರದವರಿಗೆ ಬೇರೆ ಯಾರಾದರೂ ಓದಿ ಹೇಳಲಿ. ಆದರೆ ಓದಿ ಹೇಳುವವರು ದಯವಿಟ್ಟು ನಡುವೆ ತಮ್ಮದೇನನ್ನೂ ಸೇರಿಸಬಾರದು. ಸೇರಿಸುವವರಿಂದಲೇ ನಾನು ಕೆಟ್ಟದ್ದು.

ನನ್ನ ತವರು ಭಂಡಾರಕವಠೆ. ಅಲ್ಲಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತೆ. ಕೊಟ್ಟದ್ದು ಅಕ್ಕಲಕೋಟಕ್ಕೆ, ಹೊಲಮನೆ ಗಟ್ಟಿ ಇದ್ದವರಿಗೆ. ಮನೆಯಲ್ಲಿ ಅತ್ತೆ, ಮಾವ, ನಮ್ಮ ಯಜಮಾನರು, ಸಣ್ಣವನಾದ ನನ್ನ ಮೈದುನ. ಉಣ್ಣಲು ಉಡಲು ಯಾವ ಕೊರತೆಯೂ ಇರಲಿಲ್ಲ. ಆದರೆ ಮಾವನವರ ಎದುರು ಸೊಸೆ ಮಾತಾಡುವಂತಿರಲಿಲ್ಲ, ಮುಖ ತೋರಿಸುವಂತಿರಲಿಲ್ಲ. ಇದು ನಮ್ಮ ಮನೆಯದೊಂದೇ ರೀತಿಯಲ್ಲ, ಸುತ್ತಲಿನ ಎಲ್ಲ ದೊಡ್ಡ ಮನೆಗಳದೂ ಹೌದು. ಮಾವನವರು ಪಡಸಾಲೆಗೆ ಬರುವ ಮೊದಲು ಕೆಮ್ಮುತ್ತಿದ್ದರು. ನಾನು ಸೆರಗೆಳೆದುಕೊಂಡು ಗೋಡೆಗೆ ಸರಿಯುತ್ತಿದ್ದೆ. ಅವರಿಗೆ ನನ್ನಿಂದ ಏನಾದರೂ ಬೇಕಾದರೆ ಕಂಬವನ್ನು ನೋಡಿ ಹೇಳುತ್ತಿದ್ದರು. "ಯಾರರೆ ಒಂದು ತಂಬಗಿ ನೀರ ತಂದರ ಛಲೋ ಆದೀತು" ಎಂದು ಕಂಬಕ್ಕೆ ಹೇಳಿದರೆ ನೀರು ತರುವವಳು ನಾನು. ನನ್ನ ಕಡೆಯ ಉತ್ತರ ಬಳೆಯ ಸದ್ದು. ಒಮ್ಮೆ ಸದ್ದಾದರೆ ಹೂಂ, ಆಗದಿದ್ದರೆ ಇಲ್ಲ. ಹೂಂ, ಇಲ್ಲ ಎರಡರಲ್ಲೇ ಸಂಸಾರ ನಡೆಯುವವರೆಗೆ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಆದರೆ ರೋಗವನ್ನು ಬಳೆಯಿಂದ ಹೇಳಲು ಬರುವುದಿಲ್ಲ.

ಸೊಲ್ಲಾಪುರದಲ್ಲಿ ಬಿಳಿಯರ ಸರಕಾರದ ಮಾರ್ಷಲ್ ಲಾ, ಅಂದರೆ ಮಿಲಿಟರಿ ಆಡಳಿತ, ಬಂದು ಹೋಗಿ ಒಂದೆರಡು ವರ್ಷವಾಗಿತ್ತು. ಮಳೆಗಾಲದ ಕೊನೆಯಲ್ಲಿ ನನಗೆ ನೆಗಡಿ ಬಂತು. ಮನೆಮಂದಿಗೆಲ್ಲ ಬಂದದ್ದೇ, ಅವರದು ಹೋಯಿತು, ನನ್ನದು ಉಳಿಯಿತು. ಮೂಗು ಸೋರುವುದು ನಿಂತು, ಕಫ ಒಳಗಿನಿಂದ ಗಂಟಲಿಗೆ ಇಳಿಯತೊಡಗಿತು. ಆಮೇಲೆ ನೋವು. ಹಣೆಯಲ್ಲಲ್ಲ, ನೆತ್ತಿಯಲ್ಲಿ ಮತ್ತು ಎಡಗಣ್ಣಿನ ಹಿಂದೆ ಆಳದಲ್ಲಿ. ಬಗ್ಗಿ ರೊಟ್ಟಿ ಬಡಿಯುವಾಗ ಕಣ್ಣಿನ ಗುಡ್ಡೆಯನ್ನು ಯಾರೋ ಒಳಗಿನಿಂದ ನೂಕಿದಂತಾಗುತ್ತಿತ್ತು. ಜೊತೆಗೆ ಒಂದು ಕೆಟ್ಟ ನಾತ, ನನ್ನೊಬ್ಬಳಿಗೇ ಬರುವಂಥದು.

ಇಷ್ಟನ್ನೂ ಅತ್ತೆಗೆ ಸರಿಯಾಗಿ ಹೇಳಿದೆ. ನೆತ್ತಿ, ಕಣ್ಣಿನ ಹಿಂದೆ, ಗಂಟಲಲ್ಲಿ ಕಫ, ನಾತ. ಅತ್ತೆ ಅದನ್ನು ಮಾವನವರಿಗೆ ಹೇಳಿದರು: "ನೀಲವ್ವಗ ತಲಿ ಭಾಳ ಹೊಡ್ಯಾಕತ್ತೈತಂತ." ಮಾವನವರು ಪೇಟೆಯ ಡಾಕ್ಟರರ ಹತ್ತಿರ ನನ್ನನ್ನು ಕರೆದುಕೊಂಡು ಹೋದರು. ಡಾಕ್ಟರರು ಏನು ತೊಂದರೆ ಎಂದರು. ಮಾವನವರು ತಮ್ಮ ಹಣೆಯ ಮೇಲೆ ತಮ್ಮ ಕೈಯಿಟ್ಟು ಹೇಳಿದರು: "ತಲಿ ನೋವರಿ. ಹೆಣಮಕ್ಕಳು, ಬಿಸಲಾಗ ತಿರಗತಾರ, ಹೊತ್ತಿಗಿ ಸರಿಯಾಗಿ ಉಣ್ಣಂಗಿಲ್ಲ."

ನಾನು ಎಂದೂ ಬಿಸಿಲಲ್ಲಿ ತಿರುಗಿದವಳಲ್ಲ, ಊಟ ಬಿಟ್ಟವಳಂತೂ ಅಲ್ಲವೇ ಅಲ್ಲ. ಸೆರಗಿನೊಳಗೆ ಹಲ್ಲು ಕಡಿದುಕೊಂಡು ನಿಂತೆ. ಡಾಕ್ಟರರು ಹೊರಗೆ ಚಾಚಿದ ನನ್ನ ಕೈ ಹಿಡಿದು ನಾಡಿ ನೋಡಿದರು, ಸೆರಗಿನ ಸಂದಿಯಿಂದ ನಾಲಗೆ ನೋಡಿದರು, ಪುಡಿ ಕಟ್ಟಿಕೊಟ್ಟರು. ಪುಡಿ ತಿಂದು ಬೆವರು ಬಂತು, ನೋವು ಹೋಗಲಿಲ್ಲ. ಇನ್ನೊಮ್ಮೆ ಹೋದಾಗ ಮಾವನವರು "ಹಲ್ಲಿಂದ ಬಂದಿರಬೇಕ್ರಿ, ಅವರ ಅವ್ವಗೂ ಹಲ್ಲಿನ ತ್ರಾಸ ಇತ್ತಂತ" ಎಂದರು. ಡಾಕ್ಟರರಿಗೂ ಅದು ಹೌದೆನಿಸಿತು. ನನ್ನ ಒಳ್ಳೆಯ ಎರಡು ದವಡೆ ಹಲ್ಲು ಹೋದವು. ಕಲ್ಲಿನಂಥ ಹಲ್ಲುಗಳು, ಕೀಳುವಾಗ ಡಾಕ್ಟರರೇ ಬೆವೆತರು. ಅವು ಈಗ ಇದ್ದಿದ್ದರೆ ನಾನು ಹುರಿದ ಶೇಂಗಾ ತಿನ್ನುತ್ತಿದ್ದೆ.

ಮನೆಮದ್ದಿನ ಕಥೆಯನ್ನು ಹೇಳುತ್ತ ಕೂತರೆ ಮುಗಿಯುವುದಿಲ್ಲ. ಶುಂಠಿ ತೇಯ್ದು ಹಚ್ಚಿದರು, ಅದನ್ನೂ ಹಣೆಗೇ. ಬಿಸಿ ತುಪ್ಪ ಮೂಗಿಗೆ ಬಿಟ್ಟರು. ಪಕ್ಕದ ಮನೆಯ ಮುದುಕಿ ತನ್ನ ತಪಕೀರಿನ ಡಬ್ಬಿ ತಂದು ಚಿಟಿಕೆ ನಶ್ಯ ಮೂಗಿಗೆ ಏರಿಸಲು ಹೇಳಿದಳು. ಸೀನಿ ಸೀನಿ ಆವತ್ತು ತಲೆ ಒಡೆದೇ ಹೋಯಿತೆಂದುಕೊಂಡೆ. ಯಾರೋ ಭಾನಾಮತಿಯ ಮಾಟ ಎಂದರು. ಅತ್ತೆ ಹೆದರಿ, ಊರಿನ ಸ್ವಾಮಿಗಳ ಮಠದಲ್ಲಿ ನನ್ನಿಂದ ಸೇವೆ ಮಾಡಿಸಿದರು. ದೂರ ದೂರದಿಂದ ಬಂದ ರೋಗಿಗಳ ಸಾಲಿನಲ್ಲಿ ನಾನೂ ಒದ್ದೆ ಸೀರೆಯಲ್ಲಿ ಆಲದ ಮರ ಸುತ್ತಿದೆ. ಸುಳ್ಳು ಯಾಕೆ ಹೇಳಲಿ, ಅಲ್ಲಿ ನನಗೆ ಒಂದಿಷ್ಟು ಸಮಾಧಾನವಾಗುತ್ತಿತ್ತು. ನನ್ನ ನೋವು ಎಲ್ಲಿದೆಯೆಂದು ಬೇರೆಯವರ ಬಾಯಿಂದ ಹೇಳಿಸದೆ ನಾನೇ ಹೇಳಿಕೊಳ್ಳಬಹುದಾದ ಜಾಗ ಊರಲ್ಲಿ ಅದೊಂದೇ ಆಗಿತ್ತು.

ನಾತದ ಮಾತಿನಿಂದಂತೂ ಮನೆಯಲ್ಲಿ ಜಗಳವೇ ಆಯಿತು. ಒಂದು ದಿನ ಅತ್ತೆ ಬದನೆಕಾಯಿ ಎಣಗಾಯಿ ಮಾಡಿದ್ದರು. ನಾನು ತುತ್ತೆತ್ತಿದವಳು ಹಾಗೇ ಇಳಿಸಿದೆ.

"ಯಾಕವಾ, ಸೇರಲಿಲ್ಲೇನು?" ಎಂದರು ಅತ್ತೆ.

"ನಾತ ಬರತೈತ್ರಿ ಅತ್ತಿ. ಎಣಗಾಯಿದಲ್ಲ, ಎಲ್ಲಾದಕ್ಕೂ ಬರತೈತಿ."

ಅತ್ತೆಯ ಕಿವಿಗೆ ಮೊದಲಿನ ಮಾತಷ್ಟೇ ಬಿತ್ತು. ಮೂವತ್ತು ವರ್ಷ ಅಡುಗೆ ಮಾಡಿದ ಕೈಗೆ ಸೊಸೆ ನಾತ ಎಂದಳೆಂದು ಅವರು ವಾರದವರೆಗೆ ಅತ್ತರು. ನಾನೂ ಕಣ್ಣೀರು ಹಾಕಿದೆ. ಅವರನ್ನು ಸಮಾಧಾನ ಮಾಡುವುದರಲ್ಲಿ ನನ್ನ ರೋಗದ ಮಾತು ಹಿಂದೆ ಬಿತ್ತು.

ಎರಡನೆಯ ವರ್ಷ ಬೇಸಿಗೆಯ ಹೊತ್ತಿಗೆ ನನಗೆ ಎಲ್ಲವೂ ಎರಡೆರಡು ಕಾಣತೊಡಗಿತು. ಎದುರಿನ ವಸ್ತು ಒಂದರ ಪಕ್ಕ ಒಂದು ನಿಲ್ಲುತ್ತಿತ್ತು. ಎಡಕ್ಕೆ ನೋಡಿದರೆ ಇನ್ನೂ ದೂರ ದೂರ ಸರಿಯುತ್ತಿತ್ತು. ದೇವರ ಮುಂದಿನ ದೀಪ ಎರಡು, ಬಾವಿಯ ಗಾಲಿ ಎರಡು. ರಾತ್ರಿ ಯಜಮಾನರಿಗೆ ಹೇಳಿದೆ.

"ನನಗ ನೀವು ಇಬ್ಬರು ಕಾಣಸ್ತೀರಿ."

ಅವರು ನಕ್ಕರು. "ಒಬ್ಬನ್ನ ಸಂಭಾಳಸೂದ ನಿನಗ ತ್ರಾಸ ಆಗೇತಿ. ಇಬ್ಬರನ್ನ ತಗೊಂಡು ಏನ ಮಾಡ್ತಿ?"

ಒಳ್ಳೆಯ ಮನುಷ್ಯ, ನಗಿಸಿದರೆ ನೋವು ಹೋಗುತ್ತದೆಂದು ನಂಬಿದವರು. ನನಗೆ ತಲೆದಿಂಬನ್ನು ಎತ್ತಿ ಒಗೆಯಬೇಕೆನಿಸಿತು. ಎರಡು ಕಾಣುವ ಮನುಷ್ಯನಲ್ಲಿ ಯಾವುದಕ್ಕೆ ಗುರಿಯಿಡುವುದು?

ಆಗ ನಾನೇ ಒಂದು ಉಪಾಯ ಕಂಡುಕೊಂಡೆ. ಎಡಗಣ್ಣು ಮುಚ್ಚಿದರೆ ಎಲ್ಲವೂ ಒಂದಾಗುತ್ತಿತ್ತು. ಸದಾ ಕಣ್ಣು ಮುಚ್ಚಿಕೊಂಡು ತಿರುಗಿದರೆ ಜನ ಏನೆಂದಾರು? ಸೆರಗನ್ನು ಎಡಗಡೆ ಚೆನ್ನಾಗಿ ಕೆಳಗೆ ಎಳೆದು ಆ ಕಣ್ಣಿನ ಮೇಲೆ ಬರುವಂತೆ ಸಿಕ್ಕಿಸಿಕೊಂಡೆ. ಇದರಿಂದ ಏನಾಯಿತು ಗೊತ್ತೆ? ಓಣಿಯಲ್ಲೆಲ್ಲ ನನ್ನ ಹೆಸರಾಯಿತು. "ನೀಲವ್ವನ ನೋಡ್ರಿ, ಮದವಿ ಆಗಿ ಇಷ್ಟು ವರ್ಷ ಆತು, ಇನ್ನೂ ಹೊಸ ಸೊಸಿ ಹಂಗ ಸೆರಗ ಎಳಕೊಂತಾಳ. ಮರ್ಯಾದಿ ಅಂದರ ಇದು" ಎಂದು ಹಿರಿಯ ಹೆಂಗಸರು ತಮ್ಮ ಸೊಸೆಯರಿಗೆ ನನ್ನನ್ನು ತೋರಿಸುತ್ತಿದ್ದರು. ಅತ್ತೆ ಹಿಗ್ಗಿದರು. ಕುರುಡಾಗುತ್ತಿರುವ ಹೆಂಗಸನ್ನು ಮರ್ಯಾದೆಯವಳೆಂದು ಹೊಗಳುವ ಊರಿಗೆ ಏನು ಹೇಳಬೇಕು?

ಆದರೆ ಒಂದೇ ಕಣ್ಣಿನಲ್ಲಿ ಎಷ್ಟು ದೂರ, ಎಷ್ಟು ಹತ್ತಿರ ಎಂಬುದು ತಿಳಿಯುವುದಿಲ್ಲ. ಮಾವನವರಿಗೆ ಬಡಿಸುವಾಗ ಮಜ್ಜಿಗೆ ವಾಟಿಯೊಳಗೆ ಬೀಳದೆ ಪಕ್ಕದ ನೆಲಕ್ಕೆ ಬಿತ್ತು. ಆಮೇಲೆ ಬಿಸಿ ಸಾರಿನ ಪಾತ್ರೆ ಹಿಡಿದಾಗಲೆಲ್ಲ ಸೆರಗನ್ನು ಸ್ವಲ್ಪ ಮೇಲಕ್ಕೆ ಸರಿಸಿ, ಮುಖವನ್ನು ಎಡಕ್ಕೆ ತಿರುಗಿಸಿ, ಓರೆಗಣ್ಣಿನಿಂದ ತಾಟು ನೋಡಿ ಬಡಿಸುತ್ತಿದ್ದೆ. ಹಾಗೆ ಮಾಡಿದರೆ ಎರಡು ಕಣ್ಣಿಗೂ ಒಂದೇ ತಾಟು ಕಾಣುತ್ತಿತ್ತು. ಮಾವನವರಿಗೆ ಕಂಡದ್ದು ಬೇರೆ. ಅವರು ಅತ್ತೆಯನ್ನು ಕರೆದು ಕೇಳಿದ್ದು ನನಗೆ ಅಡುಗೆಮನೆಗೇ ಕೇಳಿಸಿತು.

"ನೀಡೂ ಮುಂದ ಸೊಸಿ ಮಾರಿ ಆ ಕಡಿ ಹೊಳ್ಳಸತಾಳ. ನಾ ಏನ ಮಾಡೀನಿ ಆಕಿಗಿ? ಏನರೆ ಅಂದೀನೇನು?"

ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಅತ್ತೆ ನನ್ನನ್ನು ತರಾಟೆಗೆ ತೆಗೆದುಕೊಂಡರು. ಎಲ್ಲ ಎರಡು ಕಾಣುತ್ತದೆ ಎಂದೆ. "ಎರಡ ಕಾಣಸಿದರ ಎರಡಕ್ಕೂ ಮರ್ಯಾದಿ ಕೊಡು" ಎಂದರು. ನಾನು ಒಲೆಯ ಮುಂದೆ ಕೂತು ಉರಿಯನ್ನು ಊದಿದೆ, ಊದಿದಷ್ಟೂ ಕಣ್ಣಿನ ಹಿಂದೆ ನೋವು ಹೊಡೆಯಿತು. ಹೊಗೆ ಇದ್ದದ್ದು ಒಳ್ಳೆಯದಾಯಿತು, ಅಳುವುದಕ್ಕೆ ಬೇರೆ ಕಾರಣ ಹೇಳಬೇಕಾಗಲಿಲ್ಲ.

ನಿಜವಾಗಿ ಹೆದರಿದ್ದು ಕುಂಕುಮದಿಂದ. ಒಂದು ಬೆಳಗ್ಗೆ ಕುಂಕುಮ ಹಚ್ಚಿಕೊಳ್ಳುವಾಗ ಕಣ್ಣಿಗೆ ಕಸ ಬಿದ್ದಂತಾಗಿ ಬಲಗಣ್ಣು ಮುಚ್ಚಿದೆ. ಭರಣಿಯ ಕುಂಕುಮ ಗೋಡೆ ಕಟ್ಟುವ ಹಳೆಯ ಇಟ್ಟಂಗಿಯ ಪುಡಿಯ ಬಣ್ಣಕ್ಕೆ ತಿರುಗಿತು. ಬಲಗಣ್ಣು ತೆಗೆದೆ, ಮತ್ತೆ ಕೆಂಪಾಯಿತು. ಮುಚ್ಚಿದೆ, ಇಟ್ಟಂಗಿ. ಎಡಗಣ್ಣಿನ ಮುಂದೆ ಮಂಜೂ ಕವಿದಿತ್ತು. ಈ ಕಣ್ಣು ಹೋಗುತ್ತಿದೆ, ಇದರ ಹಿಂದೆ ಇನ್ನೊಂದೂ ಹೋಗಬಹುದು ಎಂದು ಆಗ ಹೊಳೆಯಿತು. ಯಜಮಾನರನ್ನು ಕೊಟ್ಟಿಗೆಯಿಂದ ಕರೆದು, ಅವರ ಕೈ ಗಟ್ಟಿಯಾಗಿ ಹಿಡಿದು ಹೇಳಿದೆ.

"ನಗಬ್ಯಾಡ್ರಿ. ನನ್ನ ಕಣ್ಣ ಹೊಂಟೈತಿ. ನಾಳಿ ಸೊಲ್ಲಾಪುರಕ್ಕ ಕರಕೊಂಡ ಹೋಗ್ಲಿಲ್ಲ ಅಂದರ ನಾ ಭಂಡಾರಕವಠಿಗಿ ನಡಕೋತ ಹೋಗ್ತೀನಿ, ಕಂಡರ ಕಂಡಷ್ಟು ಹಾದಿ."

ಈ ಸಲ ಅವರು ನಗಲಿಲ್ಲ.

ದೊಡ್ಡ ಊರಿನ ದೊಡ್ಡ ದವಾಖಾನೆಗೆ ಮನೆಯ ಹಿರಿಯರಿಲ್ಲದೆ ಹೋಗುವುದುಂಟೇ? ಮಾವನವರೂ ಬಂದರು. ಟಾಂಗಾದಲ್ಲಿ ಸ್ಟೇಷನ್ನು, ಅಲ್ಲಿಂದ ರೈಲು. ಗಾಡಿ ಅಲುಗಿದಾಗಲೆಲ್ಲ ನನ್ನ ನೆತ್ತಿಯಲ್ಲಿ ಸುತ್ತಿಗೆ ಬಿದ್ದಂತೆ ಆಗುತ್ತಿತ್ತು. ಸೊಲ್ಲಾಪುರಕ್ಕೆ ಇಳಿಯುವ ಹೊತ್ತಿಗೆ ಮಿಲ್ಲಿನ ಭೋಂಗಾ ಕೂಗಿತು, ಅದೂ ನನ್ನ ತಲೆಯೊಳಗೇ ಕೂಗಿದಂತಾಯಿತು.

ಕಿವಿ, ಮೂಗು, ಗಂಟಲಿನ ಡಾಕ್ಟರರ ಬಾಗಿಲ ಮುಂದೆ ಕೂರಲು ಉದ್ದನೆಯ ಬಾಕು, ಅಂದರೆ ಬೆಂಚು. ನನ್ನ ಪಕ್ಕ ಮಿಲ್ಲಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಕೂತಿದ್ದಳು, ಒಬ್ಬಳೇ ಬಂದವಳು. ಕೂದಲಲ್ಲಿ ಹತ್ತಿಯ ಎಳೆ ಅಂಟಿತ್ತು. ತನ್ನ ಕಿವಿ ಯಾವಾಗ ಸೋರುತ್ತದೆ, ಯಾವ ಬಣ್ಣ ಬರುತ್ತದೆ, ಯಾವ ಮಗ್ಗುಲಿಗೆ ಮಲಗಿದರೆ ನೋಯುತ್ತದೆ ಎಲ್ಲವನ್ನೂ ಬಾಕಿನ ಮೇಲಿದ್ದವರಿಗೆಲ್ಲ ಕೇಳುವಂತೆ ಮರಾಠಿಯಲ್ಲಿ ಹೇಳಿದಳು. ಒಳಗೆ ಹೋಗಿ ಡಾಕ್ಟರರಿಗೂ ಹಾಗೆಯೇ ಹೇಳುತ್ತಿದ್ದದ್ದು ಹೊರಗೆ ಕೇಳಿಸಿತು. ಆಕೆಯ ಹರಕು ಸೀರೆ ನೋಡಿ ಮಾವನವರು ಪಾಪ ಎಂದರು. ನನಗೆ ಆಕೆಯ ಮೇಲೆ ಎಂಥ ಹೊಟ್ಟೆಕಿಚ್ಚಾಯಿತೆಂದರೆ, ನನ್ನ ಕೊರಳ ಸರ ಬಿಚ್ಚಿಕೊಟ್ಟು ಆಕೆಯ ಬಾಯಿಯನ್ನು ಆ ಹೊತ್ತಿನ ಮಟ್ಟಿಗೆ ಕಡ ಇಸಿದುಕೊಳ್ಳಬೇಕೆನಿಸಿತು.

ನಮ್ಮ ಪಾಳಿ ಬಂತು. ಡಾಕ್ಟರರು ಮುಂಬಯಿಯಲ್ಲಿ ಕಲಿತು ಬಂದ ನಡುವಯಸ್ಸಿನವರು, ಮರಾಠಿ ಮಾತಾಡುವವರು. ನನಗೆ ಮರಾಠಿ ಕೇಳಿದರೆ ತಿಳಿಯುತ್ತಿತ್ತು, ಆಡಲು ಅಷ್ಟಾಗಿ ಬರುತ್ತಿರಲಿಲ್ಲ. ಏನು ತೊಂದರೆ ಎಂದು ಡಾಕ್ಟರರು ಕೇಳಿದರು. ಮಾವನವರು ಹಣೆಯ ಮೇಲೆ ಕೈಯಿಟ್ಟರು. ಅದೇ ಕೈ, ಅದೇ ಹಣೆ. ತಲೆನೋವು, ಬಿಸಿಲು, ಊಟ, ಹಲ್ಲು. ಡಾಕ್ಟರರು ತಲೆಯಾಡಿಸಿ ಬೇಸರದಿಂದ ಔಷಧ ಬರೆಯಲು ಟಾಕು ಎತ್ತಿಕೊಂಡರು. ಇನ್ನೊಂದು ಪುಡಿ ಬಂತು ಎಂದುಕೊಂಡೆ. ಆಮೇಲೆ ಅವರಿಗೇನೋ ಅನಿಸಿರಬೇಕು, "ಮುಖದ ಮೇಲಿನ ಸೆರಗು ತೆಗೆಯಲಿ" ಎಂದರು.

ಮಾವನವರು ಎದ್ದು, ನಮ್ಮ ಕಡೆ ಬೆನ್ನು ಮಾಡಿ, ಗೋಡೆಗೆ ಮುಖ ಹಚ್ಚಿ ನಿಂತರು. ನಾನು ಸೆರಗು ಸರಿಸಿದೆ. ಡಾಕ್ಟರರು ಬೆರಳೆತ್ತಿ, ತಲೆ ಅಲುಗಿಸದೆ ಅದನ್ನೇ ನೋಡು ಎಂದರು. ಬಲಕ್ಕೆ ಹೋಯಿತು, ಎರಡು ಕಣ್ಣೂ ಹೋದವು. ಎಡಕ್ಕೆ ಹೋಯಿತು, ಎಡಗಣ್ಣು ನಡುವೆಯೇ ನಿಂತಿತು. ಡಾಕ್ಟರರು ಟಾಕು ಕೆಳಗಿಟ್ಟರು.

"ಇದು ಯಾವಾಗಿನಿಂದ?" ಎಂದು ಮಾವನವರ ಬೆನ್ನಿಗೆ ಕೇಳಿದರು.

ಗೋಡೆಯ ಕಡೆಯಿಂದ ಮಾವನವರು ಉತ್ತರಿಸಿದರು: "ಕಣ್ಣಿಂದೇನಿಲ್ಲ ಡಾಕ್ಟರ್, ಬರೇ ತಲಿ ನೋವ."

ಆಗ ನನ್ನೊಳಗೆ ಏನೋ ಹರಿದು ಹೋಯಿತು. "ಬರೇ ತಲಿ ನೋವ ಅಲ್ರಿ!" ಎಂದೆ. ದನಿ ಎಷ್ಟು ದೊಡ್ಡದಾಗಿ ಬಂತೆಂದರೆ ನಾನೇ ಬೆಚ್ಚಿದೆ. ಮದುವೆಯಾದಾಗಿನಿಂದ ಮಾವನವರ ಕಿವಿಗೆ ಬಿದ್ದ ನನ್ನ ಮೊದಲ ಮಾತು ಅದು. "ನೆತ್ತ್ಯಾಗ ನೋವೈತಿ. ಹಣ್ಯಾಗಿಲ್ಲ, ಎಂದೂ ಇದ್ದಿಲ್ಲ. ಈ ಕಣ್ಣಿನ ಹಿಂದ ಒಳಗ ನೋವೈತಿ. ಗಂಟಲದಾಗ ಕಫಾ ಇಳೀತೈತಿ, ಅದಕ್ಕ ನಾತ ಐತಿ. ಎಲ್ಲಾ ಎರಡ ಕಾಣಸ್ತಾವ. ಅದಕ್ಕ ಮಾರಿ ಹೊಳ್ಳಸತೀನಿ, ಮತ್ತ್ಯಾತಕ್ಕೂ ಅಲ್ಲ. ಹಲ್ಲ ಸುಮ್ಮನ ಕಿತ್ತಾರ."

ಯಜಮಾನರು ಮರಾಠಿಯಲ್ಲಿ ಹೇಳಲು ಹೋಗಿ ನಡುವೆ ತಡವರಿಸಿದರು, ನೆತ್ತಿಯನ್ನು ಬಿಟ್ಟರು, ಕಫವನ್ನು ಬಿಟ್ಟರು. ಅವರು ನಿಲ್ಲಿಸಿದಲ್ಲಿಂದ ಮಾವನವರು ಮಾತು ಹಿಡಿದುಕೊಂಡರು. ಗೋಡೆಗೆ ಮುಖ ಮಾಡಿಕೊಂಡೇ, ನಾನು ಹೇಳಿದ್ದೆಲ್ಲವನ್ನೂ ಒಂದೊಂದಾಗಿ, ಒಳ್ಳೆಯ ಮರಾಠಿಯಲ್ಲಿ ಹೇಳಿದರು. ನೆತ್ತಿ, ಕಣ್ಣಿನ ಹಿಂದೆ, ಗಂಟಲಿನ ಕಫ, ನಾತ, ಎರಡು. "ಅದಕ್ಕಾಗಿ ಮುಖ ತಿರುಗಿಸುತ್ತಾಳಂತೆ" ಎನ್ನುವಾಗ ಅವರ ದನಿ ಒಡೆಯಿತು. ಹಲ್ಲು ಸುಮ್ಮನೆ ಕಿತ್ತರು ಎಂಬುದನ್ನೂ ಬಿಡಲಿಲ್ಲ. ನನ್ನ ಒಂದು ಮಾತನ್ನೂ ಅವರು ಬದಲಿಸಲಿಲ್ಲ, ತಮ್ಮದೊಂದನ್ನೂ ಸೇರಿಸಲಿಲ್ಲ.

ತಲೆಯ ಎಕ್ಸರೇ ಫೋಟೋ ತೆಗೆದರು. ಡಾಕ್ಟರರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಗಿನ ಹಿಂದಿನ ಖೋಲಿ ಕಪ್ಪಾಗಿರಬೇಕಿತ್ತು, ಬೆಳ್ಳಗಾಗಿದೆ, ಕೀವು ತುಂಬಿದೆ, ಕಣ್ಣಿನ ನರಗಳು ಅದರ ಗೋಡೆಗೆ ಹತ್ತಿಕೊಂಡೇ ಹೋಗುತ್ತವೆ ಎಂದರು. ಮಾವನವರು ಬಹಳ ಹೊತ್ತು ಆ ಫೋಟೋ ನೋಡಿದರು. ನಮ್ಮ ಕಡೆ ನೆಲದೊಳಗೆ ಜೋಳ ತುಂಬಿಡುವ ಹಗೇವು ಇರುತ್ತದೆ. ಅದಕ್ಕೆ ನೀರು ಹೊಕ್ಕು ಕಾಳು ಕೊಳೆತರೆ, ಬಾಯಿ ತೆಗೆದಾಗ ಬರುವ ಗಾಳಿಗೆ ಮನುಷ್ಯ ಬಿದ್ದುಬಿಡುತ್ತಾನೆ.

"ಹಗೇವು ಕೊಳತಂಗ ಆಗೇತಿ" ಎಂದರು ಮಾವನವರು. "ಬಾಯಿ ತಗೀಬೇಕು."

ಅಷ್ಟೇ ಎಂದರು ಡಾಕ್ಟರರು. ತೆಗೆಯದಿದ್ದರೆ ಕಣ್ಣು ಹೋಗುತ್ತದೆ, ಮಿದುಳಿಗೆ ಏರಿದರೆ ಜೀವ ಹೋಗುತ್ತದೆ. ತೆಗೆದರೂ ಕಣ್ಣು ಎಷ್ಟು ಉಳಿಯುತ್ತದೋ ಹೇಳಲಾರೆ. "ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಎಂದು ಬೇರೆ ಕೇಳಿದರು, ಅದೂ ನನ್ನನ್ನು ನೋಡಿ! ಎರಡು ವರ್ಷದಲ್ಲಿ ಡಾಕ್ಟರೊಬ್ಬರು ನೇರವಾಗಿ ನನಗೆ ಕೇಳಿದ ಮೊದಲ ಪ್ರಶ್ನೆ ಅದು.

ಶಸ್ತ್ರಕ್ರಿಯೆಗೆ ನಿದ್ದೆಯ ಔಷಧ ಕೊಡುವುದಿಲ್ಲ ಎಂದು ತಿಳಿದಾಗ ನನ್ನ ಧೈರ್ಯವೆಲ್ಲ ಸೋರಿಹೋಯಿತು. ಕುರ್ಚಿಯಲ್ಲಿ ಕೂರಿಸಿ, ಕೋಕೇನ್ ಎಂಬ ಔಷಧದಲ್ಲಿ ಅದ್ದಿದ ಹತ್ತಿಯ ಬತ್ತಿಗಳನ್ನು ಮೂಗಿನೊಳಗೆ ದೂರದವರೆಗೆ ತುಂಬಿದರು. ಅದು ಗಂಟಲಿಗಿಳಿದಾಗ ಬೇವಿಗಿಂತ ಕಹಿ. ಸ್ವಲ್ಪ ಹೊತ್ತಿಗೆ ಮುಖದ ನಡುಭಾಗ ನನ್ನದಲ್ಲವೆಂಬಂತೆ ಮರಗಟ್ಟಿತು. ಬೀಳುವುದೆಲ್ಲ ಬೀಳಲೆಂದು ನನ್ನ ಕೈಗೇ ಒಂದು ಟ್ರೇ ಕೊಟ್ಟರು. ತಲೆ ಅಲುಗದಂತೆ ಹಿಂದಿನಿಂದ ಒಬ್ಬರು ಹಿಡಿಯಬೇಕು. ಆ ಕೆಲಸದ ಆಳು ಅದೇ ಹೊತ್ತಿಗೆ ಬೇರೆ ಖೋಲಿಯಲ್ಲಿ ಯಾರದೋ ಕಾಲು ಹಿಡಿದುಕೊಂಡಿದ್ದ. ಯಜಮಾನರು ನಾನು ಹಿಡಿಯುತ್ತೇನೆ ಎಂದು ಮುಂದೆ ಬಂದರು. ಎತ್ತನ್ನು ಕೊಂಬು ಹಿಡಿದು ನಿಲ್ಲಿಸುವ ಮೈಕಟ್ಟು ಅವರದು. ಮೊದಲ ಹನಿ ರಕ್ತ ಟ್ರೇಗೆ ಬೀಳುತ್ತಲೇ ಗೋಡೆಗುಂಟ ಜಾರಿ ನೆಲಕ್ಕೆ ಕೂತುಬಿಟ್ಟರು.

"ಕೋಣ್ ಆಹೇ ಬಾಹೇರ್?" ಹೊರಗೆ ಯಾರಿದ್ದೀರಿ ಎಂದು ಡಾಕ್ಟರರು ಕೂಗಿದರು. ಹೊರಗೆ ಇದ್ದವರು ಮಾವನವರೊಬ್ಬರೇ.

ಅವರು ಬಾಗಿಲಲ್ಲಿ ನಿಂತದ್ದು ನನಗೆ ಕಂಡಿತು. ನನ್ನ ತಲೆಯ ಮೇಲೆ ಸೆರಗಿಲ್ಲ, ಮುಖದ ಮೇಲೆ ರಕ್ತ. ಕೆಮ್ಮಲು ಹೋಗಿ ತಡೆದುಕೊಂಡರು. ಆಮೇಲೆ ತಲೆಯ ರುಮಾಲು ಬಿಚ್ಚಿ ಕಿಟಕಿಯ ಮೇಲಿಟ್ಟು, ನನ್ನ ಹಿಂದೆ ಬಂದು, ಎರಡೂ ಅಂಗೈಯಿಂದ ನನ್ನ ತಲೆಯನ್ನು ಹಿಡಿದುಕೊಂಡರು. ನಾನು ಕಣ್ಣು ಮೇಲೆತ್ತಿದಾಗ ಅವರ ಮುಖ ತಲೆಕೆಳಗಾಗಿ ಕಂಡಿತು, ಅದೂ ಎರಡೆರಡು. ಒಬ್ಬ ಮಾವನನ್ನೇ ಸರಿಯಾಗಿ ನೋಡಿರದವಳಿಗೆ ದೇವರು ಇಬ್ಬರನ್ನು ತೋರಿಸಿದ್ದ. ಇಬ್ಬರ ಹುಬ್ಬಿನಲ್ಲೂ ಒಂದು ಹಳೆಯ ಗಾಯದ ಗುರುತಿತ್ತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ನನಗೆ ಅದು ಗೊತ್ತಿರಲಿಲ್ಲ.

"ಹೆದರಬ್ಯಾಡ ನನ್ನವ್ವಾ" ಎಂದರು. ಕಂಬಕ್ಕಲ್ಲ, ಗೋಡೆಗಲ್ಲ, ನನಗೆ. "ನಾ ಹಿಡದೀನಿ."

ಬಾಯಿ ತೆಗೆಯುವಂತಿರಲಿಲ್ಲ. ರೂಢಿಯ ಕೈ, ಬಳೆ ಸದ್ದು ಮಾಡಿತು. ಟ್ರೇ ಅಲುಗಿ ಡಾಕ್ಟರರು ನನ್ನನ್ನು ಬೈದರು.

ನೋವು ಅಂದುಕೊಂಡಷ್ಟಿರಲಿಲ್ಲ, ಸದ್ದು ಮಾತ್ರ ಯಾರಿಗೂ ಬೇಡ. ನನ್ನ ತಲೆಯ ಎಲುಬು ಮುರಿಯುವುದು ನನಗೆ ಒಳಗಿನಿಂದ ಕೇಳಿಸುತ್ತಿತ್ತು, ಕಟಕಟ ಎಂದು ಒಣ ಜೋಳದ ದಂಟು ಮುರಿದ ಹಾಗೆ. ಒಂದು ಸಲ ಜೋರಾಗಿ ಮುರಿದ ಸದ್ದಾಯಿತು. ಗಂಟಲಿಗೆ, ಮೂಗಿಗೆ, ಟ್ರೇಗೆ ಎಲ್ಲ ಕಡೆಗೂ ಕೀವು ಹರಿಯಿತು. ಖೋಲಿಯಲ್ಲಿದ್ದ ನರ್ಸಬಾಯಿ ಮೂಗಿಗೆ ಸೆರಗು ಹಿಡಿದಳು. ನೆಲದ ಮೇಲೆ ಕೂತಿದ್ದ ಯಜಮಾನರು "ಅಬ್ಬಬ್ಬಾ, ಎಂಥಾ ನಾತ!" ಎಂದರು. ನಿಮಗೆ ವಿಚಿತ್ರ ಅನಿಸಬಹುದು, ಆ ಮಾತು ಕೇಳಿ ನನಗೆ ಸಂತೋಷವಾಯಿತು. ಎರಡು ವರ್ಷ ನನ್ನೊಬ್ಬಳದಾಗಿದ್ದ ನಾತ ಕೊನೆಗೂ ಎಲ್ಲರದಾಯಿತು.

ಆಮೇಲಿನ ದಿನಗಳೂ ಸುಖದವಲ್ಲ. ಮೂಗಿನೊಳಗೆ ತುರುಕಿದ ಬಟ್ಟೆಯ ಪಟ್ಟಿ ಎಳೆಯುವಾಗ ಅದು ಮುಗಿಯುವಂತೆಯೇ ಕಾಣಲಿಲ್ಲ. ಬಾಗಿದ ನಳಿಗೆ ಹಾಕಿ ತೊಳೆಯುತ್ತಿದ್ದರು. ನೆತ್ತಿಯ ನೋವು ಮಾತ್ರ ಹೋಗಿತ್ತು, ಹೊರೆ ಇಳಿಸಿದವಳಂತೆ ಕುತ್ತಿಗೆ ಹಗುರಾಗಿತ್ತು. ಕಣ್ಣು ಉಳಿಯುತ್ತದೋ ಇಲ್ಲವೋ ಎಂಬುದಕ್ಕಷ್ಟೇ ಕಾಯಬೇಕಿತ್ತು. ಮಾವನವರು ದಿನಾ ಬಂದು ಮಂಚದ ಪಕ್ಕ ನಿಲ್ಲುತ್ತಿದ್ದರು. ವಾರ್ಡಿನಲ್ಲಿ ಕಂಬವಿರಲಿಲ್ಲ. ಮೊದಲ ದಿನ ಮಂಚದ ಕಾಲಿಗೆ ಕೇಳಿದರು: "ಗಂಜಿ ಸೇರಿತೋ ಹ್ಯಾಂಗ?" ಮರುದಿನ ದಿಂಬಿಗೆ ಕೇಳಿದರು. ಆಮೇಲೆ ಒಂದು ದಿನ ನೇರ ನನ್ನನ್ನೇ ನೋಡಿ, ಎಡಗಡೆ ನಿಂತು, ಒಂದು ಬೆರಳೆತ್ತಿದರು.

"ಎಷ್ಟ ಕಾಣಸ್ತಾವ?"

"ಎರಡ್ರಿ. ಆದರ ಹತ್ತಿರ ಹತ್ತಿರ ಬಂದಾವ."

ಅವರು ಬೆರಳನ್ನು ನೋಡಿಕೊಂಡರು, ತಪ್ಪು ಅದರದೇ ಎಂಬಂತೆ. ಊರಿಗೆ ಮರಳಿದ ಮೇಲೂ ಬೆಳಗ್ಗೆ ಪಡಸಾಲೆಗೆ ಬಂದು ಬೆರಳೆತ್ತುತ್ತಿದ್ದರು. ಚಳಿಗಾಲ ಕಳೆಯುವ ಹೊತ್ತಿಗೆ ಒಂದು ದಿನ ನಾನು ಒಂದು ಎಂದೆ. ಅವರು ಹೊಲಕ್ಕೆ ಹೋದರು, ಆ ದಿನ ಎಲ್ಲರಿಗೂ ಪೇಢೆ ಬಂತು.

ಕಣ್ಣು ಎಡಕ್ಕೆ ಹೊರಳುವುದನ್ನು ಮತ್ತೆ ಕಲಿಯಿತು. ಕೆಂಪು ಮಾತ್ರ ತಿರುಗಿ ಬರಲಿಲ್ಲ. ಈಗಲೂ ಬಲಗಣ್ಣು ಮುಚ್ಚಿದರೆ ಕುಂಕುಮ ಇಟ್ಟಂಗಿಯ ಪುಡಿಯೇ. ಮಲ್ಲಿಗೆಯ ವಾಸನೆ ಅರ್ಧ ತಿಳಿಯುತ್ತದೆ. ಮೊದಲೇ ಬಂದಿದ್ದರೆ ಎಲ್ಲವೂ ಉಳಿಯುತ್ತಿತ್ತೆಂದು ಡಾಕ್ಟರರು ಹೇಳಿದರು. ಜೀವ ಉಳಿಯಿತಲ್ಲ, ಸಮಾಧಾನ ಮಾಡಿಕೋ ಎನ್ನುತ್ತಾರೆ ಎಲ್ಲರೂ. ಮಾಡಿಕೊಳ್ಳುವುದಿಲ್ಲ. ಯಾರೂ ಕಸಿಯದೆ, ಯಾರೂ ಕದಿಯದೆ, ಒಬ್ಬರೂ ಕೇಳದ್ದರಿಂದ ಹೋದ ಕೆಂಪು ಅದು.

ಊರಿಗೆ ಬಂದ ದಿನ ನಾನು ಸೆರಗನ್ನು ತಲೆಯ ಮೇಲಷ್ಟೇ ಹೊದ್ದು ಒಳಗೆ ಬಂದೆ. ಅತ್ತೆ ನನ್ನನ್ನು ಅಪ್ಪಿಕೊಂಡು ಅತ್ತರು, ಬಿಸಿ ರೊಟ್ಟಿಗೆ ಬೆಣ್ಣೆ ಇಟ್ಟುಕೊಟ್ಟರು. ಮಾತಾಡಿಸಲು ಬಂದ ಓಣಿಯವರ ಮುಂದೆ ಮಾತ್ರ ಅವರಿಗೆ ತಡೆಯಲಾಗಲಿಲ್ಲ. "ಸೊಲ್ಲಾಪುರಕ್ಕ ಹೋಗಿ ಸೆರಗ ಅಲ್ಲೇ ಬಿಟ್ಟು ಬಂದಾಳ ನಮ್ಮ ನೀಲವ್ವ" ಎಂದು ನಗುತ್ತಲೇ ಚುಚ್ಚಿದರು. ಪಡಸಾಲೆಯಿಂದ ಮಾವನವರ ದನಿ ಬಂತು:

"ಆಕಿ ಮಾರಿ ನಾ ನೋಡೀನಿ. ನೋಡಿದ ಮ್ಯಾಲ ಮುಚ್ಚಿ ಏನ ಮಾಡೂದೈತಿ?"

ಓಣಿಯವರು ಬೇಗ ಬೇಗ ಎದ್ದು ಹೋದರು. ನನ್ನ ಮರ್ಯಾದೆಯ ಹೆಸರೂ ಅವರ ಜೊತೆಗೇ ಹೋಯಿತು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಮೈದುನನ ಮದುವೆಯಾಯಿತು, ಮೈಂದರ್ಗಿಯಿಂದ ಗೌರವ್ವ ಬಂದಳು. ಎಳೆಯ ಹುಡುಗಿ, ಮಾವನವರು ಕೆಮ್ಮಿದರೆ ಗೋಡೆಯೊಳಗೇ ಹೊಗುವಷ್ಟು ಹೆದರುವವಳು. ವರ್ಷದೊಳಗೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಬೀಸುವ ಕಲ್ಲಿನ ಮುಂದೆ ಅವಳು ನನಗೊಬ್ಬಳಿಗೆ ಎಲ್ಲ ಹೇಳಿದಳು, ಎಲ್ಲಿ, ಎಂಥದು, ಯಾವಾಗ ಎಂಬುದನ್ನೆಲ್ಲ. ಅವಳನ್ನು ಪೇಟೆಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದದ್ದು ಮಾವನವರು ಮತ್ತು ನಾನು. ಅದೇ ಡಾಕ್ಟರರು, ನನ್ನ ಹಲ್ಲು ಕಿತ್ತವರು.

"ಏನು ತೊಂದರೆ?" ಎಂದರು ಡಾಕ್ಟರರು, ಮಾವನವರನ್ನು ನೋಡಿ.

ಮಾವನವರ ಕೈ ತಮ್ಮ ಹೊಟ್ಟೆಯ ಕಡೆ ಹೋಯಿತು. ಬಾಯಿಯೂ ತೆರೆಯಿತು. ಕೈ ಅಲ್ಲೇ ನಿಂತಿತು. ಅವರು ಒಮ್ಮೆ ನನ್ನ ಕಡೆ ನೋಡಿ, ಕೋಲು ತೆಗೆದುಕೊಂಡು ಎದ್ದರು.

"ಆಕೀನ್ನ ಕೇಳ್ರಿ ಡಾಕ್ಟರ್. ಆಕಿ ಹೊಟ್ಟಿ, ನನಗೇನ ಗೊತ್ತು" ಎಂದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು.

ಡಾಕ್ಟರರು ಗೌರವ್ವನ ಕಡೆ ತಿರುಗಿದರು. ಗೌರವ್ವ ನೆಲ ನೋಡಿದಳು. ಆಮೇಲೆ ಸೆರಗಿನ ಸಂದಿಯಿಂದ ನನ್ನನ್ನು ನೋಡಿ, ಮೆಲ್ಲಗೆ ಬಳೆ ಸದ್ದು ಮಾಡಿದಳು. ನೀ ಹೇಳು ಅಕ್ಕಾ ಎಂದು.

ನನಗೆ ಎಂಥ ಸಿಟ್ಟು ಬಂತೆಂದರೆ! ಯಾವ ಮಾತಿಗಾಗಿ ನಾನು ಒಂದು ಕಣ್ಣಿನ ಕೆಂಪು ತೆತ್ತೆನೋ ಅದನ್ನು ಇವಳ ಮುಂದೆ ತಾಟಿನಲ್ಲಿಟ್ಟಿದ್ದಾರೆ, ಇವಳು ತೆಗೆದುಕೊಳ್ಳಲು ಒಲ್ಲೆ ಎನ್ನುತ್ತಾಳೆ. ಅವಳ ನೋವೆಲ್ಲ ನನ್ನ ನಾಲಗೆಯ ತುದಿಯಲ್ಲಿತ್ತು. ಬೀಸುವ ಕಲ್ಲಿನ ಮುಂದೆ ಕೇಳಿದ್ದಷ್ಟನ್ನೂ ಸರಿಯಾಗಿ, ಅವಳಿಗಿಂತ ಚೆನ್ನಾಗಿ ಹೇಳಬಲ್ಲವಳಾಗಿದ್ದೆ. ಬಾಯಿ ತೆರೆದೂ ಬಿಟ್ಟಿದ್ದೆ.

ನನ್ನ ಕೈ ನನ್ನ ಹೊಟ್ಟೆಯ ಮೇಲೆ ಹೋಗಿ ಕೂತಿತ್ತು.

ಅದನ್ನು ನೋಡಿಕೊಂಡೆ. ತೆಗೆದೆ. ಎದ್ದು ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಮೆಟ್ಟಿಲಿನ ಇನ್ನೊಂದು ತುದಿಗೆ ಕೂತೆ. ಮಾವನವರು ನನ್ನನ್ನು ನೋಡಿದರು. ನಾವಿಬ್ಬರೂ ಪೇಟೆಯ ಕಡೆ ಮುಖ ಮಾಡಿ, ಒಳಗಿನ ಮೌನವನ್ನು ಕೇಳುತ್ತ ಕೂತೆವು. ಮಾತಾಡ ಖೋಡಿ, ಮಾತಾಡ ಎಂದು ನಾನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಬಹಳ ಹೊತ್ತಾಯಿತು. ಮಾವನವರು ಕೆಮ್ಮಲು ಹೋದರು, ನಾನು ಕೈ ಮಾಡಿ ತಡೆದೆ.

ಒಳಗಿನಿಂದ, ಬಹಳ ಸಣ್ಣದಾಗಿ, ಗೌರವ್ವನ ದನಿ ಬಂತು.

"ಇಲ್ಲಿ ಅಲ್ರಿ," ಎಂದಳು. "ಇನ್ನಾ ಸ್ವಲ್ಪ ಕೆಳಗ."